ಮೂಗನ್ನು ನಂಬಬೇಡಿ

ಕಡಲೆಕಾಯಿ, ಬೇಯಿಸಿದ ಕಡಲೆಕಾಯಿಯ ವಾಸನೆ, ಬಸ್ಸಿನಲ್ಲಿ ಮುಂದಿನ ಸೀಟಿನ ಅಜ್ಜಿಯ ಮಡಿಲಲ್ಲಿರುವ ಪೊಟ್ಟಣ ಇನ್ನೂ ಬಿಸಿಯಿರಬೇಕು, ಬರುತ್ತಿದೆ, ಉಪ್ಪಿನ ಘಮವೂ ಬರುತ್ತಿದೆ, ಅಂದರೆ ನನ್ನ ಮೂಗಿಗೆ ಏನೂ ಆಗಿಲ್ಲ, ದೇವರು ದೊಡ್ಡವನು — ಮಧ್ಯಾಹ್ನ ಆ ಗುಂಡಿಯ ಹತ್ತಿರ ಹೀಗಿರಲಿಲ್ಲ, ಮೊದಲು ಕೊಳೆತ ಮೊಟ್ಟೆಯ ವಾಸನೆ ಗಪ್ಪೆಂದು ಬಂತು, ಆಮೇಲೆ ಇಲ್ಲ, ಏನೂ ಇಲ್ಲ. ಮೂಗನ್ನ ನಂಬ್ಬೇಡಿ, ಹರಿಪ್ರಸಾದ್ ಸರ್ ಮೊದಲ ವಾರದ ಕ್ಲಾಸಿನಲ್ಲೇ ಹೇಳಿದ್ದರು, ಸೇಫ್ಟಿ ಆಫೀಸರ್ ಆಗಲು ಬಂದ ಇಪ್ಪತ್ತಾರು ಜನರಲ್ಲಿ ನಾನೊಬ್ಬಳೇ ಹೆಂಗಸು, ಮೊದಲ ಬೆಂಚಿನಲ್ಲಿ ಕೂತಿದ್ದೆ, ವಾಸ್ನೆ ಬಂದ್ರೆ ಗ್ಯಾಸ್ ಇದೆ ಅಂತ, ಬಂದ ವಾಸ್ನೆ ನಿಂತೋದ್ರೆ ಗ್ಯಾಸ್ ಹೋಯ್ತು ಅಂತಲ್ಲಮ್ಮ ಅಕ್ಷತ, ಮೂಗು ಸೋತೋಯ್ತು ಅಂತ — ಕೆಂಪು ಪೆನ್ನಿನಲ್ಲಿ ಬರೆದುಕೊಂಡಿದ್ದೆ, ಪರೀಕ್ಷೆಗೆ ಬರುತ್ತದೆ ಅಂದುಕೊಂಡಿದ್ದೆ, ಹೀಗೆ ಬರುತ್ತದೆ ಅಂತ ಗೊತ್ತಿರಲಿಲ್ಲ. ಸರ್, ನಿಮ್ಮ ಹೊಟ್ಟೆ ತಣ್ಣಗಿರಲಿ.

ಬಾಶೆಟ್ಟಿಹಳ್ಳಿಯಲ್ಲಿ ಬಟ್ಟೆಗೆ ಬಣ್ಣ ಹಾಕುವ ಆ ಕಾರ್ಖಾನೆಗೆ ತರಬೇತಿಗೆ ಹೋಗತೊಡಗಿ ಮೂರು ವಾರ, ಹೆಲ್ಮೆಟ್ಟಿನ ಮೇಲೆ ಟ್ರೇನಿ ಅನ್ನುವ ಚೀಟಿ, ಯಾರಿಗೂ ಏನೂ ಹೇಳುವ ಅಧಿಕಾರವಿಲ್ಲ, ನೋಡಬೇಕು, ಬರೆದುಕೊಳ್ಳಬೇಕು, ಅಷ್ಟೆ — ಬರೆದುಕೊಳ್ಳುತ್ತಲೇ ಶೆಡ್ಡಿನ ಹಿಂದಕ್ಕೆ ಹೋದೆ, ಕೊಳಕು ನೀರಿನ ಗುಂಡಿಯ ಮುಚ್ಚಳ ತೆಗೆದಿದೆ, ಒಳಗಿನ ಪಂಪು ಕಟ್ಟಿಕೊಂಡಿದೆಯಂತೆ, ಕೆಲಸದಾಳು ವಸಂತ್ ಪ್ಯಾಂಟು ಮಡಚಿಕೊಂಡು ಏಣಿಯ ಮೇಲೆ ಒಂದು ಕಾಲಿಟ್ಟಿದ್ದಾನೆ, ಸೂಪರ್‌ವೈಸರ್ ಬೈರೇಶ್ ಪಕ್ಕದಲ್ಲೇ ಫೋನಿನಲ್ಲಿ ಮಾತಾಡುತ್ತಿದ್ದಾನೆ. ಇಳೀಬೇಡಿ ಅಂದೆ, ಗ್ಯಾಸ್ ಮೀಟರ್ ಇಳಿಬಿಟ್ಟು ಒಳಗಿನ ಗಾಳಿ ನೋಡೋಣ, ಆಮೇಲೆ ಇಳೀರಿ. ಐದ್ ನಿಮಿಷದ ಕೆಲ್ಸ ಮೇಡಂ, ವಸಂತ್ ನಕ್ಕ, ವಾರಕ್ಕೊಂದ್ಸಲ ಇಳಿಯೋನು ನಾನು. ಬೈರೇಶ್ ಫೋನಿಗೆ ಕೈ ಅಡ್ಡ ಹಿಡಿದು, ನೀವು ಟ್ರೇನಿ ಕಣ್ರೀ, ಶೆಡ್ಡಲ್ಲಿ ಎರಡು ಮಿಷನ್ ನಿಂತೈತೆ, ಪಾಠ ಆಮೇಲಿಟ್ಕೊಳ್ರಿ ಅಂದ. ವಾಸ್ನೆ ಬಂತಲ್ಲ ಆಗ್ಲೇ, ನಿಮಗೆ ಬರ್ಲಿಲ್ವಾ ಅಂತ ವಸಂತನನ್ನು ಕೇಳಿದೆ. ಬಂತು ಮೇಡಂ, ಈಗಿಲ್ಲ, ನಿಂತೋಯ್ತು — ನಿಂತೋಯ್ತು ಅಂದನಲ್ಲ, ನನಗೂ ಬರುತ್ತಿರಲಿಲ್ಲ, ಆಮೇಲೆ ಯೋಚಿಸಿದ್ದು ನೆನಪಿಲ್ಲ, ತೋಳು ಹಿಡಿದು ಎಳೆದೆ, ಅವನು ಮುಗ್ಗರಿಸಿ ಕಾಂಕ್ರೀಟಿನ ಮೇಲೆ ಬಿದ್ದ, ಮೊಣಕೈ ತರಚಿ ರಕ್ತ ಬಂತು, ತಲೆ ಕೆಟ್ಟಿದ್ಯೇನ್ರೀ ನಿಮ್ಗೆ ಅಂತ ರೇಗಿದ. ಕೆಟ್ಟಿದೆ, ಮೀಟರ್ ತನ್ನಿ ಅಂತ ಕಿರುಚಿದೆ, ಅಷ್ಟು ದೊಡ್ಡ ದನಿ ನನ್ನಲ್ಲಿತ್ತೆಂದು ನನಗೇ ಗೊತ್ತಿರಲಿಲ್ಲ. ಬೈರೇಶ್ ಗೊಣಗುತ್ತಲೇ ತರಿಸಿದ, ದಾರಕ್ಕೆ ಕಟ್ಟಿ ಇಳಿಬಿಟ್ಟೆವು, ನಾಲ್ಕಡಿಯೂ ಇಳಿದಿರಲಿಲ್ಲ, ವಿಷದ ಗಾಳಿ ಇದೆಯೆಂದು ಮೀಟರ್ ಕೂಗಿಕೊಂಡಿತು, ಎಳೆದು ಹೊರಗಿಟ್ಟರೂ ಸುಮಾರು ಹೊತ್ತು ಕೂಗುತ್ತಲೇ ಇತ್ತು. ಸೋಮವಾರ ನಾನೇ ಇಳಿದಿದ್ದೆ, ಅಂದ ಬೈರೇಶ್, ಯಾರಿಗೆ ಹೇಳಿದನೋ, ಮುಖದಲ್ಲಿ ರಕ್ತವಿರಲಿಲ್ಲ, ತಾನೇ ಹೋಗಿ ಮುಚ್ಚಳ ಎಳೆದು ಮುಚ್ಚಿದ. ವಸಂತ್ ಮಾತ್ರ ತರಚಿದ ಮೊಣಕೈಯನ್ನೇ ನೋಡುತ್ತ ಕೂತಿದ್ದ, ನನ್ನ ಮೇಲಿನ ಸಿಟ್ಟು ಇಳಿದಿರಲಿಲ್ಲ, ಒಳ್ಳೆಯ ಮಾತೊಂದೂ ಆಡಲಿಲ್ಲ, ಆಡಲಿ ಅಂತ ಕಾಯುವ ಮುಖ ನನಗೆಲ್ಲಿದೆ — ಮುನಿಗಂಗಮ್ಮ, ನಾನಾದರೂ ಏನು ಆಡಿದ್ದೆ ನಿನಗೆ.

ನಮ್ಮ ಮನೆಯ ಸ್ಟಾಪು ಹೋಯಿತು, ಇಳಿಯಲಿಲ್ಲ, ಮುಂದೆ ಮಗ್ಗದ ಬೀದಿ, ಮುನಿಗಂಗಮ್ಮನ ಮನೆ ಅಲ್ಲೇ, ಅಲ್ಲಿ ಇಳಿಯಬೇಕು. ನನಗೆ ಇಪ್ಪತ್ತು ವರ್ಷ ಆಗ, ಓದು ಬಿಟ್ಟು ಮಗ್ಗದ ಶೆಡ್ಡಿಗೆ ಸೇರಿದ್ದೆ, ಸೊಂಟ ಮುಟ್ಟುವ ಜಡೆ, ಬಿದ್ದ ನೂಲುಂಡೆ ಎತ್ತಲು ಬಗ್ಗಿದೆ, ಬೆಲ್ಟು ಜಡೆಯನ್ನು ಹಿಡಿದು ಎಳೆಯಿತು, ತಲೆ ಚಕ್ರದ ಕಡೆಗೆ, ಕೂಗಲೂ ಆಗುತ್ತಿಲ್ಲ — ಪಕ್ಕದ ಮಗ್ಗದ ಮುನಿಗಂಗಮ್ಮ ಮೇನ್ ಸ್ವಿಚ್ ಆರಿಸಿದಳು, ಆರಿಸಿದರೂ ಚಕ್ರ ತಕ್ಷಣ ನಿಲ್ಲುವುದಿಲ್ಲವಲ್ಲ, ಅದು ಅವಳಿಗೆ ಯಾವ ಕ್ಲಾಸಿನಲ್ಲೂ ಯಾರೂ ಹೇಳಿಕೊಟ್ಟದ್ದಲ್ಲ, ಎಳೆ ಕತ್ತರಿಸುವ ಕತ್ತರಿಯಿಂದ ಜಡೆಯನ್ನು ಬುಡಕ್ಕೇ ಕತ್ತರಿಸಿದಳು. ಮಾಲೀಕರು ಓಡಿ ಬಂದು, ಹನ್ನೆರಡು ಮಗ್ಗ ನಿಲ್ಲಿಸ್ಬಿಟ್ಟಲ್ಲಮ್ಮ ಅಂದರು. ಮಗ್ಗ ತಿರ್ಗಾ ಓಡ್ತವೆ ಸಾವ್ಕಾರ್ರೆ, ಹುಡ್ಗಿ ತಲೆ ತಿರ್ಗಾ ಬತ್ತದಾ? ಮತ್ತೆ ನಾನು, ಇನ್ನು ಆರು ತಿಂಗಳಿಗೆ ಮದುವೆ, ನೆಲದ ಮೇಲೆ ಕೂತು ಅತ್ತು, ಯಾರು ಕತ್ರಿಸು ಅಂದ್ರು ನಿಂಗೆ ಅಂದೆ, ಅಂದೇಬಿಟ್ಟೆ, ಅವಳು ಕತ್ತರಿ ಕೆಳಗಿಟ್ಟು ತನ್ನ ಮಗ್ಗಕ್ಕೆ ಹೋದಳು. ಅದಾಗಿ ಒಂಬತ್ತು ವರ್ಷ. ಬಿಟ್ಟಿದ್ದ ಬಿಎಸ್ಸಿ ಮುಗಿಸಿದೆ, ಮಗ ಸ್ಕೂಲಿಗೆ ಸೇರಿದ, ಈ ಕೋರ್ಸಿಗೆ ಯಾಕೆ ಬಂದ್ರಿ ಅಂತ ಸರ್ ಕೇಳಿದಾಗ ಒಳ್ಳೆ ಕೆಲ್ಸ ಸಿಗುತ್ತೆ ಸರ್ ಅಂದೆ, ಸುಳ್ಳಲ್ಲ, ಆದರೆ ಹೇಳಬೇಕಾಗಿದ್ದ ಹೆಸರು ಬೇರೆ ಇತ್ತು.

ಇದೇ ಬಾಗಿಲು, ಹಸಿರು ಬಣ್ಣ, ಇದ್ದಾಳೆ, ಹೊಸಿಲಲ್ಲೇ ಕೂತು ಅವರೆಕಾಯಿ ಸುಲಿಯುತ್ತಿದ್ದಾಳೆ, ಬದುಕಿದ್ದಾಳೆ, ಎಷ್ಟು ಸಣ್ಣಗಾಗಿದ್ದಾಳೆ. ಯಾರವ್ವಾ? ನಾನು ಅಕ್ಷತ ಕಣಮ್ಮ, ಮಗ್ಗದ ಶೆಡ್ಡಲ್ಲಿ — ಕಣ್ಣು ಕಿರಿದು ಮಾಡಿ ನನ್ನ ಮುಖವನ್ನಲ್ಲ, ಹೆಗಲ ಹಿಂದಕ್ಕೆ ನೋಡಿದಳು, ಅಯ್ಯೋ ನೀನಾ, ಕೂದ್ಲು ಬೆಳೀತಾ ಮಗಾ? ಬೆಳೀತಮ್ಮ. ಬಸ್ಸಿನಲ್ಲಿ ಜೋಡಿಸಿಕೊಂಡ ಮಾತೆಲ್ಲ ಬಿಟ್ಟು, ಬಗ್ಗಿ ಅವಳ ಪಾದ ಮುಟ್ಟಿದೆ, ಏಳು ಏಳು, ಇದ್ಯಾಕೆ ಅಳ್ತೀಯ, ಒಳಕ್ ಬಾ, ಕಾಫಿ ಕಾಯಿಸ್ತೀನಿ. ಬರ್ತೀನಮ್ಮ, ಚಪ್ಪಲಿ ಬಿಡಲು ಕಾಲು ಎತ್ತಿದೆ — ಮತ್ತೆ ಅದೇ, ಮಧ್ಯಾಹ್ನದಿಂದ ಎಷ್ಟನೇ ಸಲವೋ, ಗುಂಡಿಯ ಅಂಚಿನಲ್ಲಿ ವಸಂತ್ ಬಿಟ್ಟಿದ್ದ ನೀಲಿ ರಬ್ಬರ್ ಚಪ್ಪಲಿ, ಜೊತೆಯಾಗಿ, ಅಂದವಾಗಿ, ಹತ್ತಿ ಬಂದ ಕೂಡಲೇ ಮೆಟ್ಟಿಕೊಳ್ಳಲೆಂದು ಮೂತಿ ಹೊರಗೆ ಮಾಡಿ ತಿರುಗಿಸಿಟ್ಟ ಚಪ್ಪಲಿ, ಹತ್ತಿ ಬಂದ ಕೂಡಲೇ, ಹತ್ತಿ ಬಂದೇ ಬರುತ್ತೇನೆಂದು ತಿರುಗಿಸಿಟ್ಟ ಆ ಚಪ್ಪಲಿ