ಒದ್ದೆ ಗೋಣಿ

ಯಾರೂ ಒತ್ತದೆಯೇ ಹಾರ್ನ್ ಬಡಿದುಕೊಳ್ಳುತ್ತಿದ್ದ ಬಿಳಿ ಕಾರೊಂದು ಕೈಲಾಂಚದ ಕಡೆಯಿಂದ ಬಂದು ಸೌಮ್ಯಶ್ರೀಯ ಕಾರು ರಿಪೇರಿ ಅಂಗಡಿಯ ಮುಂದೆ ನಿಂತಿತು. ಸುಡುವ ಬಿಸಿಲಿನಲ್ಲಿ ವೈಪರು ಒಣ ಗಾಜನ್ನು ಕರಕರ ಉಜ್ಜುತ್ತಿತ್ತು. ಪಕ್ಕದ ಪಂಕ್ಚರ್ ಅಂಗಡಿಯ ಮುಷರಫ್ ಸಾಬರು ಕಿವಿ ಮುಚ್ಚಿಕೊಂಡು ನಕ್ಕರು. ಸೌಮ್ಯಶ್ರೀ ನಗಲಿಲ್ಲ. ಕಾರಿನ ನಂಬರು ಕಂಡದ್ದೇ ಅವಳ ಕೈಯಲ್ಲಿದ್ದ ಸ್ಪ್ಯಾನರು ತಿರುಗುವುದನ್ನು ನಿಲ್ಲಿಸಿತ್ತು.

ಅದು ಮರೆಯುವಂಥ ನಂಬರಲ್ಲ. ಮೂರು ವರ್ಷದ ಹಿಂದೆ, ಹೈವೇ ಪಕ್ಕದ ಸರ್ವಿಸ್ ಸೆಂಟರಿನಲ್ಲಿ ಕೆಲಸಕ್ಕಿದ್ದಾಗ, ಈ ಕಾರಿಗೆ ಅವಳೇ ಹೊಸ ಬ್ಯಾಟರಿ ಕೂರಿಸಿದ್ದಳು. ವಾರದೊಳಗೆ ಹಾರ್ನು, ವೈಪರು, ಬಾಗಿಲ ಲಾಕು, ದೀಪ ಎಲ್ಲವನ್ನೂ ಆಡಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ ಸತ್ತುಹೋಯಿತು. ಕಾರಿನ ಯಜಮಾನ ಚನ್ನಬಸವಯ್ಯ ಇಪ್ಪತ್ತು ಜನರ ಎದುರು ಕುಣಿದಾಡಿದ್ದ. "ಹೆಣ್ಮಗಳ ಕೈಗೆ ಬ್ಯಾಟ್ರಿ ಕೊಟ್ರೆ ಇನ್ನೇನಾದದು? ವೈರು ಉಲ್ಟಾ ಕೊಟ್ಟು ಸುಟ್ಟಾಕವ್ಳೆ!" ಆ ಪೆಟ್ಟಿಗೆಯನ್ನು ಬಿಚ್ಚಿ ನೋಡುವುದಕ್ಕೂ ಅವಳನ್ನು ಬಿಡಲಿಲ್ಲ. ಸೆಂಟರಿನವರು ಅವಳಿಂದ ಅವನಿಗೆ ಕೈ ಮುಗಿಸಿದರು, ತಪ್ಪಾಯ್ತು ಅನ್ನಿಸಿದರು, ಸಂಜೆಗೆ ಕೆಲಸದಿಂದ ತೆಗೆದು ಮನೆಗೆ ಕಳಿಸಿದರು. ಅಂದಿನಿಂದ ರಾಮನಗರದ ಗ್ಯಾರೇಜುಗಳಲ್ಲಿ ಅವಳ ಹೆಸರು 'ಉಲ್ಟಾ ಸೌಮ್ಯ'. ಸ್ವಂತ ಅಂಗಡಿ ಇಟ್ಟು ಎರಡು ವರ್ಷವಾಗಿದ್ದರೂ ಬಂದ ಗಿರಾಕಿ ಬಾನೆಟ್ ಎತ್ತುವ ಮುಂಚೆ ಒಮ್ಮೆ ಅವಳನ್ನು ಮೇಲೆ ಕೆಳಗೆ ನೋಡುತ್ತಿದ್ದ.

ಚನ್ನಬಸವಯ್ಯ ಕಾರಿನಿಂದ ಇಳಿದ. "ಮೆಕ್ಯಾನಿಕ್ಕು ಎಲ್ಲವ್ವ?"

"ನಾನೇ." ಅವಳು ಧೂಳಿಗೆಂದು ಹಾಕಿದ್ದ ಮಾಸ್ಕನ್ನು ಇನ್ನಷ್ಟು ಮೇಲಕ್ಕೆಳೆದುಕೊಂಡಳು.

"ನೀನೇಯಾ? ಸರಿ, ಒಸಿ ನೋಡವ್ವ. ಸರ್ವಿಸ್ ಸೆಂಟ್ರಲ್ಲಿ ಹದಿನೈದು ದಿನ ಆಯ್ತದೆ ಅಂದ್ರು. ನನ್ನ ಹುಳ ಹದಿನೈದು ದಿನ ಉಪಾಸ ಇರ್ತವಾ?"

ಅವನದು ರೇಷ್ಮೆಯ ಎಳೆ ಹುಳುಗಳನ್ನು ಸಾಕಿ ರೈತರಿಗೆ ಮಾರುವ ಕಸುಬು. ತೋಟ ಕೈಲಾಂಚದಲ್ಲಿ, ಹುಳುಮನೆ ಊರಂಚಿನಲ್ಲಿ. ಎಡಗಡೆಯ ಬಾಗಿಲು ತೆಗೆದು, ಮುಂದಿನ ಸೀಟಿನವರು ಕಾಲಿಡುವ ಜಾಗದಿಂದ ನೀರು ಸೋರುವ ಗೋಣಿಚೀಲವೊಂದನ್ನು ಎಳೆದ. ಒಳಗೆ ಎಳೆ ಹಿಪ್ಪುನೇರಳೆ ಸೊಪ್ಪು ತುಂಬಿತ್ತು.

"ಹಿಂದ್ಗಡೆ ಬಿಸ್ಲು ಹೊಡೀತದೆ ಕಣವ್ವ. ಇಲ್ಲಾದ್ರೆ ಎಸಿ ಗಾಳಿ ನೆಟ್ಟಗೆ ಬೀಳ್ತದೆ. ಎಳೇ ಹುಳುಗೆ ಬಾಡಿದ್ ಸೊಪ್ಪು ಹಾಕಂಗಿಲ್ಲ. ಐದು ವರ್ಸದಿಂದ ನಂದು ಇದೇ ಐಡಿಯಾ," ಎಂದು ಹೆಮ್ಮೆಯಿಂದ ಹೇಳಿ, ಗೋಣಿಯನ್ನು ಆಟೋಗೆ ಹಾಕಿಕೊಂಡು ಹೋದ.

ಅವಳು ಕೋಪವನ್ನು ಬದಿಗಿಟ್ಟು ಕ್ರಮವಾಗಿಯೇ ಶುರು ಮಾಡಿದಳು. ಫ್ಯೂಸುಗಳು ಸರಿಯಿದ್ದವು. ಬ್ಯಾಟರಿ ಸರಿಯಿತ್ತು. ದೋಷ ಓದುವ ಸ್ಕ್ಯಾನರ್ ಸಿಕ್ಕಿಸಿದರೆ ಎಂಜಿನ್ನು ಉತ್ತರ ಕೊಟ್ಟಿತು, ಬ್ರೇಕು ಉತ್ತರ ಕೊಟ್ಟಿತು, ಆ ಪೆಟ್ಟಿಗೆ ಮಾತ್ರ ತುಟಿ ಬಿಚ್ಚಲಿಲ್ಲ. ಟೆಸ್ಟ್ ಲ್ಯಾಂಪ್ ಹಿಡಿದು ನೋಡಿದರೆ ಅದಕ್ಕೆ ಬರುವ ಕರೆಂಟೂ ಸರಿ, ಅರ್ಥಿಂಗೂ ಸರಿ. ಅಲ್ಲಿಗೆ ಪೆಟ್ಟಿಗೆಯೇ ಕೆಟ್ಟಿದೆ ಅಂತಾಯಿತು. ಅದು ಇರುವುದು ಎಡಗಡೆ ಕಾಲಿಡುವ ಜಾಗದ ಬದಿಯ ಪ್ಲಾಸ್ಟಿಕ್ ಮುಚ್ಚಳದ ಹಿಂದೆ. ಮುಚ್ಚಳ ಕಿತ್ತಾಗ ಅವಳ ಕೈ ಒದ್ದೆಯಾಯಿತು. ಕೆಳಗಿನ ಮ್ಯಾಟು ನೀರು ಕುಡಿದು ಊದಿಕೊಂಡಿತ್ತು. ಪೆಟ್ಟಿಗೆಯ ಪ್ಲಗ್ ಎಳೆದರೆ ಪಿನ್ನುಗಳೆಲ್ಲ ಹಸಿರು ಕಿಲುಬು, ನಡುವೆ ಕೊಳೆತ ಹಿಪ್ಪುನೇರಳೆ ಎಲೆಯ ತೊಟ್ಟು.

ಅವಳು ನೆಲದ ಮೇಲೆ ಕೂತೇಬಿಟ್ಟಳು. ಮೊದಲು ನಗು ಬಂತು, ಆಮೇಲೆ ಕಣ್ಣಲ್ಲಿ ನೀರು. ಮೂರು ವರ್ಷ ತನ್ನ ತಲೆಯ ಮೇಲಿದ್ದ ಅಪವಾದಕ್ಕೆ ಕಾರಣ ಈ ಮನುಷ್ಯನ ಗೋಣಿಯಿಂದ ಸೋರಿದ ನೀರು; ಐದು ವರ್ಷದಿಂದ ಅದು ಇಲ್ಲೇ ಸೋರುತ್ತಿತ್ತು.

ಮುಷರಫ್ ಸಾಬರು ಬಗ್ಗಿ ನೋಡಿದರು. "ಕೋತಿ ತಿಂದು ಮೇಕೆ ಮೂತಿಗೆ ಒರೆಸ್ದಂಗಾಯ್ತಲ್ಲ ಬೇಟಿ! ಫೋಟೊ ಹೊಡ್ಕೊ. ನಾಳೆ ಬತ್ತಾನಲ್ಲ, ನಾಲ್ಕು ಜನದ ಮುಂದೆ ಮುಖಕ್ಕಿಡಿ. ಜನ ನಾನು ಕರೀತೀನಿ."

ಅವಳು ಫೋಟೊ ತೆಗೆದುಕೊಂಡಳು. ಮನೆಗೆ ಹೋಗುವ ದಾರಿಯುದ್ದಕ್ಕೂ ಆಡಬೇಕಾದ ಮಾತುಗಳನ್ನು ಹೊಂದಿಸಿದಳು. ಅವನು ಕೈ ಮುಗಿಯಬೇಕು. ತಪ್ಪಾಯ್ತು ಅನ್ನಬೇಕು, ಎಲ್ಲರಿಗೂ ಕೇಳುವ ಹಾಗೆ. ಅದಕ್ಕಿಂತ ಒಂದು ಗುಂಜಿ ಕಮ್ಮಿಯಾದರೂ ಅವಳಿಗೆ ಬೇಡ.

ಮರುದಿನ ಬೆಂಗಳೂರಿನಿಂದ ಬಸ್ಸಿನ ಪಾರ್ಸಲ್ಲಿನಲ್ಲಿ ಹೊಸ ಪೆಟ್ಟಿಗೆ ಬಂತು. ಬ್ಯಾಟರಿಯ ತಂತಿ ಕಳಚಿಟ್ಟು, ಕಿಲುಬು ಹಿಡಿದ ಪಿನ್ನುಗಳನ್ನು ಉಜ್ಜಿ, ತಿಂದುಹೋಗಿದ್ದ ಎರಡು ವೈರು ಬದಲಿಸಿ, ಪೆಟ್ಟಿಗೆ ಕೂರಿಸಿದಳು. ಸ್ಕ್ಯಾನರಿನಿಂದ ಅದಕ್ಕೆ ಕಾರಿನ ಚಾಸಿ ನಂಬರು ಬರೆದಳು, ಎರಡೂ ಕೀಗಳ ಗುರುತು ಹೇಳಿಕೊಟ್ಟಳು. ಬಿಸಿಲಿಗೆ ಒಣಗಿಸಿದ್ದ ಮ್ಯಾಟನ್ನು ಹಾಸಿದಳು. ವೈಪರು ತಣ್ಣಗೆ ಮಲಗಿತು. ಹಾರ್ನು ಒತ್ತಿದಾಗ ಮಾತ್ರ ಕೂಗಿತು.

ಮಧ್ಯಾಹ್ನ ಚನ್ನಬಸವಯ್ಯ ಗೋಣಿಯ ಸಮೇತ ಆಟೋದಿಂದ ಇಳಿದಾಗ ಟೀ ಅಂಗಡಿಯ ನಾಲ್ಕೈದು ಜನ ಆಗಲೇ ಬಂದು ನಿಂತಿದ್ದರು. ಸೌಮ್ಯಶ್ರೀ ಮಾಸ್ಕ್ ತೆಗೆದು ಮುಂದೆ ಬಂದಳು.

ಅವನು ಕಣ್ಣು ಕಿರಿದು ಮಾಡಿದ. "ನೀನು ಆ ಸರ್ವಿಸ್ ಸೆಂಟ್ರು ಹುಡ್ಗಿ ಅಲ್ವಾ?"

"ಹೂಂ. ನಾನೇ." ಫೋನು ಅವಳ ಕೈಯಲ್ಲೇ ಇತ್ತು. ಬಾಯಿ ತೆರೆಯುವಷ್ಟರಲ್ಲಿ ಅವನು ಅವಳ ತಲೆಯ ಮೇಲೆ ಕೈಯಿಟ್ಟುಬಿಟ್ಟ.

"ನೋಡ್ರಪ್ಪ, ಅವತ್ತು ನನ್ ಕಾರ್ನ ಸುಟ್ಟವ್ಳು ಇವ್ಳೇಯ. ಇವತ್ತು ಅದೇ ಕಾರ್ನ ರಿಪೇರಿ ಮಾಡವ್ಳೆ. ಕಲ್ತವ್ಳೆ! ತಪ್ಪು ಯಾರ್ ಮಾಡಕ್ಕಿಲ್ಲ ಯೋಳಿ? ನಾನು ಅವತ್ತೇ ಮನ್ನಿಸ್ಬುಟ್ಟೆ ಕಣವ್ವ. ನನ್ ಮನಸ್ನಾಗೆ ಏನೂ ಮಡಿಕಂಡಿಲ್ಲ."

ನಿಂತವರು ತಲೆದೂಗಿದರು. ಎಂಥ ದೊಡ್ಡ ಮನಸ್ಸು! ಈಗ ಫೋಟೊ ತೋರಿಸಿದರೆ ಈ ಮನುಷ್ಯ ಏನು ಮಾಡುತ್ತಾನೆಂದು ಅವಳಿಗೆ ಗೊತ್ತಾಗಿಹೋಯಿತು. ಓಹೋ ಹಂಗಾ ಅಂತ ನಗುತ್ತಾನೆ, ಗೋಣಿಯನ್ನು ಡಿಕ್ಕಿಗೆ ಹಾಕುತ್ತಾನೆ, ಸುಖವಾಗಿ ಹೋಗುತ್ತಾನೆ.

"ಅಲ್ಲಾ, ಅದ್ಕೆ ಏನಾಗಿತ್ತವ್ವ?" ಅವನೇ ಕೇಳಿದ.

ಎಲ್ಲರೂ ಅವಳತ್ತ ನೋಡಿದರು. ಸೌಮ್ಯಶ್ರೀ ಫೋನನ್ನು ಜೇಬಿಗೆ ಹಾಕಿದಳು. "ಪೆಟ್ಟಿಗೆ ಹೋಗಿತ್ತು ಯಜಮಾನ್ರೇ. ಬದ್ಲಾಯಿಸಿದ್ದೀನಿ."

"ಯಾಕೋಯ್ತು?"

"ಒಂದೊಂದು ಕಾರಲ್ಲಿ ಹೋಗ್ತಾವೆ."

"ಬೇಟಿ..." ಮುಷರಫ್ ಸಾಬರು ಬಾಯಿ ಹಾಕಿದರು.

"ಸುಮ್ಕಿರಿ ಸಾಬ್ರೇ."

ಬ್ರೇಕಿಗೂ ಸ್ಟೇರಿಂಗಿಗೂ ಈ ಪೆಟ್ಟಿಗೆಗೂ ಸಂಬಂಧವಿಲ್ಲ. ಗೋಣಿಯ ನೀರಿಗೆ ಹೊಸ ಪೆಟ್ಟಿಗೆಯೂ ಕೆಟ್ಟಾಗ ಮೊದಲು ಹಾರ್ನು ಅರಚುತ್ತದೆ, ಆಮೇಲೆ ವೈಪರು. ದೀಪ ಕೈಕೊಡುವ ಹೊತ್ತಿಗೆ ಅವನು ಯಾವುದೋ ಗ್ಯಾರೇಜಿನಲ್ಲಿರುತ್ತಾನೆ. ಇಷ್ಟನ್ನೂ ಅವಳು ಯೋಚಿಸಿಯೇ ಇದ್ದಳು. ಚನ್ನಬಸವಯ್ಯ ಗೋಣಿಗೆ ಕೈ ಹಾಕಿದ.

"ಕೊಡಿ ಇಲ್ಲಿ. ಬಿಸ್ಲಿಗೆ ಬಾಡ್ತಾ ಐತೆ." ಅವಳೇ ಗೋಣಿಯನ್ನು ಎಳೆದುಕೊಂಡು ಹೋಗಿ ನಲ್ಲಿಯ ಕೆಳಗಿಟ್ಟಳು. ಈ ಮಗ್ಗುಲು ನೆನೆಸಿದಳು, ಹೊರಳಿಸಿ ಆ ಮಗ್ಗುಲು ನೆನೆಸಿದಳು. ಎತ್ತಿ ತಂದು ಎಡಗಡೆ ಕಾಲಿಡುವ ಜಾಗದಲ್ಲಿಟ್ಟು, ಪ್ಲಾಸ್ಟಿಕ್ ಮುಚ್ಚಳಕ್ಕೆ ಆತುಕೊಳ್ಳುವ ಹಾಗೆ ಮೊಣಕಾಲಿನಿಂದ ಒತ್ತಿದಳು.

"ಸಂದಾಕೆ ಮಡಗ್ದೆ ಕಣವ್ವ. ನೂರ್ಕಾಲ ಬಾಳು," ಎಂದು ಹರಸಿ ಅವನು ಹೊರಟ.

ಟೀ ಲೋಟ ಹಿಡಿದಿದ್ದ ಒಬ್ಬ ಕೇಳಿದ, "ಅಂಗಾರೆ ಅವತ್ತು ಸುಟ್ಟಿದ್ದು ನೀನೇ ಅನ್ನದು ದಿಟಾನಾ?"

ಅವಳು ಹೋಗಿ ನಲ್ಲಿ ನಿಲ್ಲಿಸಿದಳು. ಕಾರು ಹುಳುಮನೆಯ ಕಡೆಗೆ ತಿರುಗಿತು. ಅದರ ಎಡಬಾಗಿಲಿನಿಂದ ತೊಟ್ಟಿಕ್ಕಿದ ನೀರು ಬಿಸಿ ಟಾರಿನ ಮೇಲೆ ಸಣ್ಣ ಗೆರೆಯಾಗಿ ಹಿಂಬಾಲಿಸುತ್ತಿತ್ತು, ಹಿಂದಿನಿಂದ ಒಣಗುತ್ತ ಬರುತ್ತಿತ್ತು.