ಒಂದು ಮಾರು ಗಿಡ್ಡ

ಪಕ್ಕದ ಮನೆಯ ಬಡಗಿ ಮಂಡಿಯೂರಿ ಚಟ್ಟಕ್ಕೆ ಹಗ್ಗ ಬಿಗಿಯುತ್ತಿದ್ದ. ಮಳೆಗಾಲ ಮುಗಿದು ಬಿಸಿಲು ಗಟ್ಟಿಯಾಗುತ್ತಿದ್ದ ದಿನಗಳು. ಬೇಲಿಯುದ್ದಕ್ಕೂ ತೊಳೆದ ನಾರು ಒಣಗುತ್ತಿತ್ತು. ಸಾವಿನ ಮನೆಯಾದರೂ ಅದನ್ನು ಯಾರೂ ತೆಗೆದಿರಲಿಲ್ಲ, ಹಸಿಯಾಗಿ ಒಳಗಿಟ್ಟರೆ ಮುಗ್ಗುತ್ತದೆ. ಕೊನೆಯ ಸುತ್ತು ಬರುವಷ್ಟರಲ್ಲಿ ಬಡಗಿಯ ಕೈಯಲ್ಲಿ ಹಗ್ಗ ಮುಗಿದುಹೋಯಿತು. ಚಟ್ಟದ ಹಗ್ಗಕ್ಕೆ ನಡುವೆ ಗಂಟು ಬರಬಾರದೆಂದು ಅದನ್ನು ಬಿಚ್ಚಿಸಿ ಇನ್ನೊಂದು ಕೊಟ್ಟರು. ಅದೂ ಅಲ್ಲಿಗೇ ಮುಗಿಯಿತು.

"ಹಗ್ಗದವರ ಮನೇಲೇ ಹಗ್ಗಕ್ಕೆ ಬರವಾ?" ಎಂದ ಬಡಗಿ. "ಅಜ್ಜಿಗೆ ಹೊರಡೋ ಮನಸ್ಸಿಲ್ಲ ಅಂತ ಕಾಣತ್ತೆ."

ಯಾರೋ ನಕ್ಕು, ಎಲ್ಲಿದ್ದೇವೆಂದು ನೆನಪಾಗಿ ಬಾಯಿ ಮುಚ್ಚಿಕೊಂಡರು. ಅಜ್ಜಿಯ ಹಿರಿಯ ಮಗ ಮಾತ್ರ ನಗಲಿಲ್ಲ. ಸಂತೆಯಲ್ಲಿ ಹಗ್ಗ ಮಾರುವವನು ಅವನು. ಈ ಮಳೆಗಾಲವಿಡೀ ಗಿರಾಕಿಗಳು ಅದೇ ದೂರು ಹೇಳಿದ್ದರು: ನಿಮ್ಮ ಹಗ್ಗ ಒಂದು ಮಾರು ಗಿಡ್ಡ.

ಅವನು ಬಾಗಿಲಲ್ಲಿ ನಿಂತಿದ್ದ ತಮ್ಮನ ಮಗಳ ಕಡೆ ತಿರುಗಿದ. ಸಣಕಲು ಹುಡುಗಿ, ಎಲ್ಲರ ಬಾಯಲ್ಲೂ ಅವಳು ಕಡ್ಡಿ.

"ನೋಡಿದ್ಯಾ ಕಡ್ಡಿ? ತೊಡೆ ಮೇಲೆ ಪುಸ್ತಕ ಇಟ್ಕೊಂಡು ಚಕ್ರ ತಿರುಗಿಸಿದ್ರೆ ಹೀಗೇ ಆಗೋದು. ಮುದುಕಿ ಪಾಪ ಹುರಿ ಬಿಡ್ತಾ ನಡೀತಾನೇ ಇರ್ತಿದ್ಲು, ನೀನು ಮಧ್ಯದಲ್ಲಿ ನಿಲ್ಲಿಸಿಬಿಡ್ತಿದ್ದೆ."

"ಇಲ್ಲ ದೊಡ್ಡಪ್ಪ," ಎನ್ನಬೇಕೆಂದುಕೊಂಡಳು. ತುಟಿ ಅಲುಗಿತಷ್ಟೇ.

ದೊಡ್ಡಪ್ಪ ತಮ್ಮನ ಹಾಸಿಗೆಯ ಪಕ್ಕದ ಮೊಳೆಯಿಂದ ಹಗ್ಗ ಹೊಸೆಯುವ ಚಕ್ರದ ಹಿಡಿಕೆಯನ್ನು ತೆಗೆದು ಅವಳ ಕೈಗಿಟ್ಟ. ಆ ಮನೆಯಲ್ಲಿ ದಿನವಿಡೀ ಚಕ್ರಕ್ಕೆ ಕೂರುವವರು ಹಿಡಿಕೆಯನ್ನು ತಮ್ಮ ಹಾಸಿಗೆಯ ಪಕ್ಕದಲ್ಲೇ ಇಟ್ಟುಕೊಳ್ಳುತ್ತಿದ್ದರು. ಇಷ್ಟು ದಿನ ಅದು ಕಡ್ಡಿಯ ಅಪ್ಪನ ಬಳಿಯಿತ್ತು. ಶಾಲೆ ಬಿಟ್ಟ ಮೇಲೆ ಸಂಜೆಯ ಹೊತ್ತಷ್ಟೇ ಅವಳು ತಿರುಗಿಸುತ್ತಿದ್ದಳು.

"ಹಗ್ಗಕ್ಕೆ ಇಬ್ಬರು ಬೇಕು. ಇನ್ಮೇಲೆ ಅಜ್ಜಿ ಜಾಗದಲ್ಲಿ ನಿಮ್ಮಪ್ಪ ನಡೀತಾನೆ, ಚಕ್ರ ನಿಂದು. ಶಾಲೆಗೆ ನಾನೇ ಹೋಗಿ ಹೇಳಿ ಬರ್ತೀನಿ. ಹೆಣ್ಣುಮಕ್ಕಳ ಓದಿಗೆ ಅಜ್ಜಿ ಏನಂತಿದ್ಲು ನಿಂಗೇ ಗೊತ್ತಲ್ಲ."

ಗೊತ್ತಿತ್ತು. ಊರಿಗೇ ಗೊತ್ತಿತ್ತು. ಆ ಮನೆಯಲ್ಲಿ ಅಳತೆಗೋಲು ಇರಲಿಲ್ಲ. ಅಜ್ಜಿ ಸೊಂಟಕ್ಕೆ ನಾರು ಸುತ್ತಿಕೊಂಡು, ಹುರಿ ಬಿಡುತ್ತಾ, ಹಿಂದೆ ಹಿಂದೆ ನಡೆಯುತ್ತಾ ಮಾರಿಗೊಂದು ಗಾದೆ ಹೇಳುತ್ತಿದ್ದಳು. ಹಿರಿಯರ ಕಾಲದಿಂದ ಬಂದ ಸರಣಿ ಅದು, ಒಂದೂ ಹಿಂದುಮುಂದಾಗುವಂತಿರಲಿಲ್ಲ. ಮಳೆಯದು, ಎತ್ತಿನದು, ಅಳಿಯನದು, ಉಪ್ಪಿನದು, ನೆರೆಮನೆಯದು. ಗಾದೆ ಮುಗಿದಲ್ಲಿಗೆ ಹಗ್ಗ ಮುಗಿಯುತ್ತಿತ್ತು. ಕೊನೆಯದಕ್ಕಿಂತ ಹಿಂದಿನದು ಅಕ್ಷರ ಕಲಿತ ಹೆಣ್ಣಿನ ಮೇಲಿನದು. ಅದು ಬಂದಾಗ ದಾರಿಯಲ್ಲಿ ಹೋಗುವವರೂ ನಿಂತು ನಕ್ಕು ಹೋಗುತ್ತಿದ್ದರು.

ಕಡ್ಡಿ ಹಿಡಿಕೆಯನ್ನು ಎದೆಗವಚಿಕೊಂಡು ಗೋಡೆಗೆ ಒರಗಿದಳು. ಹಗ್ಗ ಯಾಕೆ ಗಿಡ್ಡವಾಯಿತೆಂದು ಅವಳಿಗೆ ಗೊತ್ತು. ಹೇಳಿದರೆ ಹೆಣದ ಮುಂದೆ ನಿಂತು ಅಜ್ಜಿಯ ಮೇಲೆ ತಪ್ಪು ಹೊರಿಸಿದಂತೆ. ಹೇಳದಿದ್ದರೆ ಶಾಲೆ ಇಲ್ಲ.

* * *

ಮೊದಲ ಮಳೆ ಬಿದ್ದ ವಾರ. ಅಂಗಳದ ಆ ತುದಿಯಲ್ಲಿ ಅಜ್ಜಿ ನೆರೆಮನೆಯದನ್ನು ಹೇಳಿ ಮುಗಿಸಿ, ಒಂದೇ ಬಾರಿಗೆ ಕೊನೆಯದಕ್ಕೆ ಹಾರಿದ್ದಳು.

"ಅಜ್ಜಿ, ಒಂದು ಬಿಟ್ಟೆ."

"ಬಿಟ್ಟಿಲ್ಲ, ಉಗುಳಿದೆ. ನೀನು ತಿರುಗಿಸು."

ಹುರಿಯನ್ನು ಗೂಟಕ್ಕೆ ಕಟ್ಟಿ ಬಂದು ಅಜ್ಜಿ ಅವಳ ಪಕ್ಕ ಕೂತಳು. ಉಸಿರು ಏರಿತ್ತು.

"ನಿಮ್ಮತ್ತೆ ನಿನ್ನಷ್ಟಿದ್ದಾಗ ಇಲ್ಲೇ ಕೂತು ತಿರುಗಿಸ್ತಿದ್ಲು. ಒಂದಿನ ಅವಳ ಮುಖ ನೋಡ್ಕೊಂಡೇ ಅದನ್ನ ಹೇಳ್ದೆ, ನಾಲ್ಕು ಜನರ ಎದುರಿಗೆ. ಎಲ್ಲರೂ ನಕ್ರು. ಮಾರನೇ ದಿನ ಅವಳು ಶಾಲೆಗೆ ಹೊರಡಲೇ ಇಲ್ಲ. ನಾನು ಹೊಡೀಲಿಲ್ಲ ಕಣೇ, ಬೈಲಿಲ್ಲ. ಒಂದು ಮಾತು, ಅಷ್ಟೇ. ಈಗ ನೋಡು, ಜೊತೆಗೆ ಯಾರಾದ್ರೂ ಇಲ್ದೆ ತವರಿಗೂ ಬರೋಕಾಗಲ್ಲ ಅವಳಿಗೆ."

"ನನ್ನ ಓದು ಬಿಡಿಸಬೇಡ ಅಂತ ದೊಡ್ಡಪ್ಪಂಗೆ ಹೇಳ್ತೀಯಾ ಅಜ್ಜಿ?"

"ಹೇಳ್ತೀನಿ. ನನ್ನ ಮೇಲಿರೋ ಸಾಲ ಅಂತ ಇಟ್ಕೋ. ಒಳ್ಳೇ ಹೊತ್ತು ನೋಡಿ ಹೇಳ್ತೀನಿ."

ಒಳ್ಳೆಯ ಹೊತ್ತು ಬರಲಿಲ್ಲ. ಹಾಸಿಗೆ ಹಿಡಿದಾಗ ಅಜ್ಜಿಯ ಮಾತೇ ಬಿದ್ದುಹೋಗಿತ್ತು. ಕಡ್ಡಿ ನೀರು ಕುಡಿಸಲು ಬಗ್ಗಿದಾಗಲೆಲ್ಲ ಅಜ್ಜಿ ಅವಳ ಮಣಿಕಟ್ಟು ಹಿಡಿದುಕೊಂಡು ತುಟಿ ಅಲುಗಿಸುತ್ತಿದ್ದಳು.

* * *

ಅಜ್ಜಿಯ ಮಗಳು ಬರದೆ ಚಟ್ಟ ಎತ್ತುವಂತಿರಲಿಲ್ಲ. ಬೆಳಿಗ್ಗೆಯೇ ಹೊರಟವಳು ಬಿಸಿಲು ಇಳಿದರೂ ಬಂದಿರಲಿಲ್ಲ. ಗಂಡ ಊರಲ್ಲಿಲ್ಲದೆ ಒಬ್ಬಳೇ ಹೊರಟಿದ್ದಾಳೆಂದು ಸುದ್ದಿ ಬಂದಿತ್ತು. ಕಡ್ಡಿಯ ಅಪ್ಪ ಬೀದಿಯ ತುದಿಗೆ ಹೋಗಿ ನಿಲ್ಲುವುದು, ವಾಪಸಾಗುವುದು, ಅಷ್ಟನ್ನೇ ಮಾಡುತ್ತಿದ್ದ.

ನೆರಳು ಅಂಗಳ ದಾಟುವ ಹೊತ್ತಿಗೆ ಅತ್ತೆ ಬಂದಳು. ಕಾಲು ಮೊಣಕಾಲಿನವರೆಗೆ ಧೂಳು. ಅಮ್ಮನ ಪಾದ ಮುಟ್ಟಿ ಅಲ್ಲೇ ಕೂತುಬಿಟ್ಟಳು.

"ಎಲ್ಲಿಗೆ ಹೋಗಿದ್ದೆ?" ಎಂದ ದೊಡ್ಡಪ್ಪ.

"ಹಸಿರು ಬಸ್ಸು ಅಂದಿದ್ರಣ್ಣ. ಎರಡು ಹಸಿರು ಬಸ್ಸು ನಿಂತಿತ್ತು."

"ಕೇಳೋಕೆ ಬಾಯಿರಲಿಲ್ವಾ?"

"ಕೇಳ್ದೆ. ಕಂಡಕ್ಟರ್ ಬೋರ್ಡ್ ತೋರಿಸಿ, ಅಲ್ಲೇ ಬರೆದಿದೆಯಲ್ಲಮ್ಮ ಅಂದ. ಎಲ್ಲರೂ ನೋಡ್ತಿದ್ರು. ಸುಮ್ನೆ ಒಂದಕ್ಕೆ ಹತ್ತಿಬಿಟ್ಟೆ. ಅದು ಬೇರೆ ದಾರಿಗೆ ಹೋಯ್ತು, ಇಳಿದು ನಡ್ಕೊಂಡು ಬಂದೆ."

ಬಡಗಿ ಮೆಲ್ಲಗೆ ಕೆಮ್ಮಿದ. "ಕತ್ತಲಾಗತ್ತೆ. ಹಗ್ಗ?"

"ಹೊಸದು ಹೊಸೆಯೋಣ," ಎಂದ ದೊಡ್ಡಪ್ಪ. "ತಂಗಿ, ಅಮ್ಮನ ಕೈ ನಿಂದು, ನೀನೇ ನಡಿ. ಕಡ್ಡಿ, ಚಕ್ರಕ್ಕೆ ಕೂತ್ಕೋ. ಈ ಸಲ ನಾನೇ ನೋಡ್ತಿರ್ತೀನಿ."

ಅತ್ತೆ ಸೊಂಟಕ್ಕೆ ನಾರು ಸುತ್ತಿಕೊಂಡಳು. ಮಳೆಯದನ್ನು ಹೇಳಿ ಒಂದು ಮಾರು ಹಿಂದೆ ಸರಿದಳು. ನೆರೆದವರು ತಾವಾಗಿಯೇ ದನಿಗೂಡಿಸಿದರು. ಮುದುಕಿಗೆ ಬೇರೇನು ಗೌರವ ಸಲ್ಲಿಸಬೇಕೆಂದು ಯಾರಿಗೂ ತೋಚಿರಲಿಲ್ಲ. ಎತ್ತಿನದು ಹೋಯಿತು. ಅಳಿಯನದು ಹೋಯಿತು. ದೊಡ್ಡಪ್ಪನ ನೆರಳು ಕಡ್ಡಿಯ ಕೈಮೇಲೆ ಬಿದ್ದಿತ್ತು. ಉಪ್ಪು. ನೆರೆಮನೆ.

ಅತ್ತೆ ಮುಂದಿನ ಗಾದೆಗೆ ಉಸಿರೆಳೆದುಕೊಂಡಳು. ಕಡ್ಡಿಯ ಕೈ ತಾನಾಗಿಯೇ ನಿಂತಿತು.

"ನೋಡಿದ್ರಾ? ನಿಲ್ಲಿಸಿದ್ಲು," ಎಂದ ದೊಡ್ಡಪ್ಪ.

"ಅಜ್ಜಿ ಇದನ್ನ ಹೇಳ್ತಿರಲಿಲ್ಲ." ದನಿ ತನ್ನದೇ ಎಂದು ಕಡ್ಡಿಗೆ ಗೊತ್ತಾಗಲಿಲ್ಲ. "ಮಳೆಗಾಲದಿಂದ ಬಿಟ್ಟುಬಿಟ್ಟಿದ್ಲು. ಅದಕ್ಕೇ ಹಗ್ಗ ಗಿಡ್ಡ. ಅತ್ತೇನ ನೆನೆಸ್ಕೊಂಡು ಬಿಟ್ಟಿದ್ಲು."

"ಸತ್ತವರ ಮೇಲೆ ಹಾಕ್ತೀಯಾ?" ಅವನು ತಮ್ಮನ ಕಡೆ ತಿರುಗಿದ. "ಹಗಲೆಲ್ಲ ನೀನೇ ತಿರುಗಿಸ್ತಿದ್ದೆಯಲ್ಲ. ನೀನೇ ಹೇಳು."

ಅಪ್ಪ ಅಣ್ಣನ ಮಾತಿಗೆ ಎಂದೂ ಎದುರಾಡಿದವನಲ್ಲ. ಬೆರಳಿಗಂಟಿದ ನಾರಿನ ಎಳೆಯನ್ನು ಬಿಡಿಸುತ್ತಾ ನಿಂತ. ಒಂದನ್ನು ಬಿಡಿಸಿ ಬಿಸಾಡಿ ಇನ್ನೊಂದಕ್ಕೆ ಕೈ ಹಾಕಿದ. ಕಡ್ಡಿ ಅವನನ್ನು ನೋಡಲಾರದೆ ಚಕ್ರವನ್ನು ನೋಡಿದಳು.

"ಬಿಟ್ಟಿದ್ಲು," ಎಂದ ಅಪ್ಪ ನೆಲ ನೋಡುತ್ತಾ. "ನಂಗೂ ಕೇಳಿಸ್ತಿತ್ತು."

ಅಂಗಳದ ನಡುವೆ ಅತ್ತೆ ಹುರಿ ಹಿಡಿದು ನಿಂತಿದ್ದಳು. ತನ್ನ ಧೂಳು ಕಾಲನ್ನು ನೋಡಿಕೊಂಡಳು, ಚಟ್ಟದ ಕಡೆ ನೋಡಿದಳು.

"ಯಾರು ಬಿಟ್ರೇನು, ಹಗ್ಗಕ್ಕೆ ಅಳತೆ ಬೇಕಲ್ಲ," ಎಂದು ದೊಡ್ಡಪ್ಪ ಆ ಗಾದೆಯ ಮೊದಲ ಪದ ಎತ್ತಿದ. ಯಾರೂ ದನಿಗೂಡಿಸಲಿಲ್ಲ.

"ತಿರುಗಿಸು ಮಗಳೇ," ಎಂದಳು ಅತ್ತೆ.

ಕಡ್ಡಿ ತಿರುಗಿಸಿದಳು. ಅತ್ತೆ ತುಟಿ ಬಿಗಿದುಕೊಂಡು ಒಂದು ಪೂರ್ತಿ ಮಾರು ಹಿಂದೆ ಸರಿದಳು. ಚಕ್ರದ ಕಿರುಗುಟ್ಟುವಿಕೆ ಬಿಟ್ಟು ಬೇರೆ ಸದ್ದಿರಲಿಲ್ಲ. ಆಮೇಲೆ ಕೊನೆಯದನ್ನು ಗಟ್ಟಿಯಾಗಿ ಹೇಳಿದಳು.

ಹಗ್ಗ ಕೊನೆಯ ಸುತ್ತಿಗೂ ಬಂತು. ಗಂಟು ಹಾಕಿದ ಮೇಲೆ ಗೇಣುದ್ದ ಉಳಿಯಿತು. ಕಡ್ಡಿ ಚಕ್ರದಿಂದ ಹಿಡಿಕೆ ಕಳಚಿ, ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದಾಗ ಅಪ್ಪ ಎದುರಿಗೆ ಬಂದು ಕೈ ಚಾಚಿದ. ಬೈಯಲು ಬಂದನೆಂದು ಅವಳು ಹಿಂದೆ ಸರಿದಳು. "ಇದು ನನ್ನ ಹತ್ರಾನೇ ಇರ್ಲಿ," ಎಂದು ಅವನು ಹಿಡಿಕೆಯನ್ನು ಬಿಡಿಸಿಕೊಂಡು ಬೆನ್ನ ಹಿಂದೆ ಸೊಂಟಕ್ಕೆ ಸಿಕ್ಕಿಸಿಕೊಂಡ. ಚಟ್ಟದ ಇನ್ನೊಂದು ಪಕ್ಕದಿಂದ ದೊಡ್ಡಪ್ಪ ಅದನ್ನು ಕಂಡು ಬಾಯಿ ತೆರೆದ. ಅಷ್ಟರಲ್ಲಿ ಎಲ್ಲರೂ ಬಗ್ಗಿದರು, ಅವನೂ ಬಗ್ಗಬೇಕಾಯಿತು.

ಚಟ್ಟ ಬೀದಿಗೆ ಇಳಿಯಿತು. ಅಪ್ಪನ ಬೆನ್ನ ಹಿಂದೆ ಹಿಡಿಕೆ ಹೆಜ್ಜೆಹೆಜ್ಜೆಗೂ ಅಲುಗುತ್ತಿತ್ತು. ಎಲ್ಲಿ ಬಿದ್ದುಬಿಡುತ್ತದೋ ಎಂದು ಕಡ್ಡಿ ತಿರುವಿನವರೆಗೂ ಅದನ್ನೇ ನೋಡುತ್ತಾ ನಿಂತಳು.