ಕೊನೆಯ ತಿರುವಿನಲ್ಲಿ ಆದದ್ದು

ಆರು ವರ್ಷದವಳಿದ್ದಾಗ ಬಂದ ಜ್ವರದಲ್ಲಿ ಗಗನಳ ಎರಡೂ ಕಣ್ಣು ಹೋದವು. ಕೊತ್ತತ್ತಿಯ ಆ ಹುಡುಗಿ ಇಪ್ಪತ್ತೆರಡರ ಹೊತ್ತಿಗೆ ಅಂಧರ ಸಾವಿರದೈನೂರು ಮೀಟರ್ ಓಟದಲ್ಲಿ ದೇಶಕ್ಕೇ ಮೊದಲಿಗಳಾಗಿದ್ದಳು. ಅವಳ ಪಕ್ಕದಲ್ಲಿ ಓಡುವ ಗೈಡ್ ನಿಡಘಟ್ಟದ ಶಿವು. ಮಳವಳ್ಳಿಯ ಒಂದು ಖಾಸಗಿ ಶಾಲೆಯಲ್ಲಿ ಆಟದ ಮೇಷ್ಟ್ರು, ಅವಳಿಗಿಂತ ಐದು ವರ್ಷ ದೊಡ್ಡವನು. ಓಡುವಾಗ ಇಬ್ಬರ ಕೈಗೂ ಸೇರಿ ಗೇಣುದ್ದದ ಒಂದು ದಾರ ಇರುತ್ತದೆ. ಗೈಡ್ ಆದವನು ಬಾಯಲ್ಲಿ ದಾರಿ ಹೇಳಬಹುದು, ಎಳೆಯುವಂತಿಲ್ಲ. ಗೆರೆಯನ್ನು ಅವಳೇ ಮೊದಲು ದಾಟಬೇಕು. ದಾರ ಕೈಬಿಟ್ಟರೆ ಓಟವೇ ಲೆಕ್ಕಕ್ಕಿಲ್ಲ.

ನಾಲ್ಕು ವರ್ಷ ಇಬ್ಬರೂ ನಾಲೆ ಏರಿಯ ಮೇಲೆ ಬೆಳಿಗ್ಗೆ ಐದೂವರೆಗೆಲ್ಲ ಓಡಿದರು. ಆಮೇಲೆ ಏಷ್ಯಾ ಮಟ್ಟದ ಕೂಟಕ್ಕೆ ವಿದೇಶಕ್ಕೆ ಹೋಗಿ ಬೆಳ್ಳಿ ತಂದರು. ಮಂಡ್ಯದ ರೈಲ್ವೆ ಸ್ಟೇಷನ್ನಿನಿಂದ ತೆರೆದ ಜೀಪಿನಲ್ಲಿ ಮೆರವಣಿಗೆಯಾಯಿತು. ಗಗನಳ ಹೆಸರು ಕೇಂದ್ರ ಸರ್ಕಾರದ ಕ್ರೀಡಾ ಪ್ರಶಸ್ತಿಗೆ ಹೋಗಿದೆ ಎಂಬ ಸುದ್ದಿ ಆ ವಾರವೇ ಬಂತು.

ಜಗಳ ಶುರುವಾದದ್ದು ಮದ್ದೂರಿನ ಅಂಬರೀಶನಿಂದ. ಅವನೂ ಒಂದು ಕಾಲದ ಓಟಗಾರ. ರಾಜ್ಯ ತಂಡದಲ್ಲಿ ಓಡಿ, ಮೊಣಕಾಲು ಹೋಗಿ, ಈಗ ಟೈರ್ ಅಂಗಡಿ ಇಟ್ಟುಕೊಂಡಿದ್ದ. ಓಟದ ವಿಡಿಯೋದಲ್ಲಿ ಕೊನೆಯ ತಿರುವಿನ ಹನ್ನೊಂದು ಸೆಕೆಂಡನ್ನು ನಿಧಾನ ಮಾಡಿ ಫೇಸ್‌ಬುಕ್ಕಿಗೆ ಹಾಕಿದ. ಅದರಲ್ಲಿ ಶಿವುವಿನ ತೋಳು ಜೋರಾಗಿ ಮುಂದಕ್ಕೆ ಬೀಸುತ್ತದೆ, ದಾರ ಬಿಗಿಯಾಗುತ್ತದೆ. ‘ಓಡಿದ್ದು ಯಾರು, ಎಳೆದದ್ದು ಯಾರು?’ ಎಂದು ಮೇಲೆ ಬರೆದಿದ್ದ.

ಎರಡು ದಿನದಲ್ಲಿ ಜಿಲ್ಲೆ ಎರಡು ಪಾಲಾಯಿತು. ತೀರ್ಪುಗಾರರೇ ನೋಡಿ ಪದಕ ಕೊಟ್ಟಮೇಲೆ ಇವರದೇನು ತಕರಾರು ಎಂದರು ಒಂದಷ್ಟು ಜನ. ಪಾಪ ಎಂದು ಪದಕ ಕೊಟ್ಟಿರಬಹುದು, ಪಾಪ ಎಂದು ರಾಷ್ಟ್ರ ಪ್ರಶಸ್ತಿ ಕೊಡಬೇಕೇ ಎಂದರು ಇನ್ನೊಂದಷ್ಟು ಜನ. ಮಂಡ್ಯದ ಪತ್ರಿಕೆಗಳಿಗೆ ಕಾಗದ ಬಂದವು. ಯಾರೋ ಸಹಿ ಸಂಗ್ರಹಿಸಿ ದೆಹಲಿಗೆ ಕಳಿಸಿದರು. ಕೊತ್ತತ್ತಿಯವರು ಇಪ್ಪತ್ತು ಜನ ಅಂಬರೀಶನ ಅಂಗಡಿ ಮುಂದೆ ಹೋಗಿ ಕೂತು ಬಂದರು.

ನಡೆದದ್ದೇನೆಂದು ಶಿವುವಿಗೆ ಗೊತ್ತಿತ್ತು. ಓಟಕ್ಕೆ ಎಂಟು ದಿನ ಮೊದಲೇ ಅವನ ಎಡತೊಡೆಯ ಹಿಂಭಾಗ ಹಿಡಿದುಕೊಂಡಿತ್ತು. ಹೇಳಿದರೆ ಬೇರೆ ಗೈಡನ್ನು ಕರೆಸುತ್ತಾರೆಂದು ಕೋಚ್‌ಗೂ ಹೇಳಲಿಲ್ಲ, ಗಗನಳಿಗೂ ಹೇಳಲಿಲ್ಲ. ಕೊನೆಯ ತಿರುವಿನಲ್ಲಿ ಆ ಜಾಗ ಚುಚ್ಚಿದಂತಾಯಿತು. ಹಿಂದೆ ಬೀಳುತ್ತೇನೆಂದು ಗಾಬರಿಯಾಗಿ ಅವನು ತೋಳು ಬೀಸಿದ. ಅದು ಎಳೆದದ್ದಲ್ಲ, ಅವಳ ಸಮಕ್ಕೆ ಬರಲು ಒದ್ದಾಡಿದ್ದು. ಮೊದಲನೆಯವಳಾಗಿ ಓಡುತ್ತಿದ್ದವಳಿಗೂ ಗಗನಳಿಗೂ ಆಗ ಒಂದು ಮಾರು ಅಂತರ. ಗಗನ ಹೆಜ್ಜೆಯನ್ನು ಒಂದಿಷ್ಟು ತಡೆದಳು. ತಡೆಯದಿದ್ದರೆ ದಾರ ಅವನ ಕೈಯಿಂದ ಜಾರುತ್ತಿತ್ತು.

ಟಿವಿಯವರು ಮಳವಳ್ಳಿಯ ಶಾಲೆಗೇ ಬಂದರು. ನೀವು ಎಳೆದಿರಾ ಎಂದು ಮೈಕು ಹಿಡಿದು ಕೇಳಿದರು. ಇಲ್ಲ ಎಂದರೆ ತೋಳು ಯಾಕೆ ಹಾಗೆ ಹೋಯಿತು ಎಂದು ಮುಂದಿನ ಪ್ರಶ್ನೆ ಬರುತ್ತದೆ. ನೋವು ಮುಚ್ಚಿಟ್ಟು ಓಡಿದೆ ಎಂದರೆ ರಾಷ್ಟ್ರೀಯ ತರಬೇತಿ ಶಿಬಿರದ ಬಾಗಿಲು ಮುಚ್ಚುತ್ತದೆ. ಆ ಒಂದು ಕ್ಷಣದಲ್ಲಿ ಶಿವು ಇಷ್ಟೆಲ್ಲ ಯೋಚಿಸಿದ.

“ತೀರ್ಪುಗಾರರು ನೋಡಿದ್ದಾರೆ. ನಾನು ಹೇಳೋದೇನಿಲ್ಲ,” ಎಂದ.

ಸಂಜೆಯ ಸುದ್ದಿಯಲ್ಲಿ ‘ನಿರಾಕರಿಸದ ಗೈಡ್’ ಎಂದು ಅಕ್ಷರಗಳು ಓಡಿದವು.

ಆಮೇಲೆ ಗಗನಳ ಪರ ಇದ್ದವರ ಬಾಯಿಯೂ ಕಟ್ಟಿತು. ಶಿವು ಶಾಲೆಯಲ್ಲಿ ಪರೀಕ್ಷೆ ಇದೆ ಎಂದು ನೆಪ ಹೇಳಿ ಕೊತ್ತತ್ತಿಗೆ ಹೋಗುವುದನ್ನು ನಿಲ್ಲಿಸಿದ. ಅವಳು ಎರಡು ಸಲ ಫೋನ್ ಮಾಡಿದಳು. ವಿಡಿಯೋದ ಮಾತೆತ್ತಲಿಲ್ಲ, ಯಾವಾಗ ಬರುತ್ತೀ ಎಂದಷ್ಟೇ ಕೇಳಿದಳು. ಇಪ್ಪತ್ತು ದಿನಕ್ಕೆ ಪ್ರಶಸ್ತಿ ಪಟ್ಟಿ ಬಂತು. ಅವಳ ಹೆಸರಿರಲಿಲ್ಲ. ಈ ಗಲಾಟೆಯಿಂದಲೇ ಹೋಯಿತೋ ಬೇರೆ ಕಾರಣವಿತ್ತೋ, ಯಾರೂ ಹೇಳಲಿಲ್ಲ.

ಅದರ ಮುಂದಿನ ಭಾನುವಾರ ಶಿವು ಕೊತ್ತತ್ತಿಗೆ ಹೋದ. ಗಗನಳ ತಾಯಿ ಚಿಕ್ಕನಂಜಮ್ಮ ಎಂದಿನಂತೆ ಚಾಪೆ ಹಾಸಿ ಕಾಫಿ ಕೊಟ್ಟಳು. ಬೈದಿದ್ದರೆ ವಾಸಿಯಿತ್ತು ಅನ್ನಿಸಿತು ಅವನಿಗೆ.

“ಪ್ರಸಸ್ತಿ ಓದ್ರೆ ಓಗ್ಲಿ ಬುಡಪ್ಪ,” ಎಂದಳು ಅವಳು. “ಎಳ್ಸ್ಕೊಂಡು ಓಡುದ್ಲು ಅಂತ ಅಂಗ್ಡಿ ಮುಂದೆ ಆಡ್ಕೊತಾರಲ್ಲ, ಅದು ಓಯ್ತದಾ?”

ಶಿವು ಲೋಟ ಕೆಳಗಿಟ್ಟು ಎಲ್ಲವನ್ನೂ ಹೇಳಿದ. ತೊಡೆಯ ನೋವು, ಮುಚ್ಚಿಟ್ಟದ್ದು, ಟಿವಿಯವರ ಮುಂದೆ ನುಂಗಿಕೊಂಡದ್ದು. ಹೇಳುವಾಗ ಗಗನಳ ಮುಖ ನೋಡಲಾಗಲಿಲ್ಲ. ಅವಳಿಗೆ ಕಾಣುವುದಿಲ್ಲವೆಂದು ಗೊತ್ತಿದ್ದೂ ತಲೆ ಬಗ್ಗಿಸಿಯೇ ಇದ್ದ.

“ನಂಗೆ ಅವತ್ತೇ ಗೊತ್ತಿತ್ತು ಕಣಣ್ಣ,” ಎಂದಳು ಗಗನ. “ದಾರ ಒಂದ್ ಕಡೆ ನಿನ್ ಕೈಲಿದ್ರೆ ಇನ್ನೊಂದ್ ಕಡೆ ನನ್ ಕೈಲೇ ಅಲ್ವಾ ಇದ್ದುದ್ದು?”

“ಮತ್ತೆ ನೀನ್ಯಾಕವ್ವ ಹೇಳ್ನಿಲ್ಲ?”

“ನಾನ್ ಹೇಳುದ್ರೆ, ಗೈಡ್ ಮ್ಯಾಲೆ ತಪ್ಪಾಕ್ತಾವ್ಳೆ ಅಂತಿದ್ರು. ನೀನ್ ಹೇಳುದ್ರೆ ನಂಬೋರು. ಹೇಳ್ತೀಯ ಅಂತ ಕಾಯ್ತಿದ್ದೆ.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ದಿನವೂ ಬರುವ ಬಸ್ಸು ಇವತ್ತು ಬರಲಿಲ್ಲ ಎಂದು ಹೇಳುವವರ ಹಾಗೆ ಹೇಳಿದಳು.

ಅಲ್ಲಿಂದ ಅವನು ನೇರ ಮದ್ದೂರಿಗೆ ಹೋದ. ಅಂಬರೀಶ ಕೈಯಲ್ಲಿದ್ದ ಟ್ಯೂಬನ್ನು ಬದಿಗಿಟ್ಟು ಪೂರ್ತಿ ಕೇಳಿಸಿಕೊಂಡ.

“ನಾನು ಕಂಡುದ್ದ ಆಕ್ದೆ ಕಣ್ಲಾ,” ಎಂದ ಕಡೆಗೆ. “ನೀನು ಕಾಣ್ದೇ ಇದ್ದುದ್ದ ಹೇಳ್ಬೇಕಾಗಿತ್ತು.”

ಅಂದೇ ಅವನು ಶಿವುವಿನ ಮಾತನ್ನು ವಿಡಿಯೋ ಮಾಡಿ ಹಾಕಿದ, ಕೆಳಗೆ ತನ್ನದೂ ತಪ್ಪಾಯಿತೆಂದು ಬರೆದ. ಮೊದಲ ವಿಡಿಯೋವನ್ನು ಮೂರು ಲಕ್ಷ ಜನ ನೋಡಿದ್ದರು. ಇದನ್ನು ನೋಡಿದವರು ಒಂಬೈನೂರು. ಅದರಲ್ಲೂ ಕೆಲವರು, ಪ್ರಶಸ್ತಿ ಕೈತಪ್ಪಿದ ಮೇಲೆ ಕಟ್ಟಿದ ಕಥೆ ಎಂದರು. ಶಿಬಿರದಿಂದ ಶಿವುವಿಗೆ ಒಂದು ಸಾಲಿನ ಕಾಗದ ಬಂತು, ಇನ್ನು ಮುಂದೆ ಬರಬೇಕಾಗಿಲ್ಲ ಎಂದು. ಅದು ಬರುತ್ತದೆಂದು ಅವನಿಗೆ ಗೊತ್ತಿತ್ತು. ಇಷ್ಟಕ್ಕೆ ಹೆದರಿ ಬಾಯಿ ಮುಚ್ಚಿಕೊಂಡೆನಲ್ಲ ಎಂದು ಕಾಗದ ಕೈಯಲ್ಲಿ ಹಿಡಿದು ಬಹಳ ಹೊತ್ತು ಕೂತಿದ್ದ.

ಮುಂದಿನ ತಿಂಗಳು ಗಗನಳಿಗೆ ಹೊಸ ಗೈಡ್ ಬಂದಳು, ದೀಪಿಕ ಎಂಬ ಪೊಲೀಸ್ ಓಟಗಾರ್ತಿ. ಇಬ್ಬರ ಕೈ ಬೀಸು ಹೊಂದುತ್ತಿಲ್ಲ, ಬಂದು ಹೇಳಿಕೊಡು ಎಂದು ಗಗನಳೇ ಶಿವುವಿಗೆ ಫೋನ್ ಮಾಡಿದಳು. ಅವನು ಹೋದ. ಗಗನ ತಿರುವಿನಲ್ಲಿ ಎಡಭುಜ ಇಳಿಸುತ್ತಾಳೆ, ಮಾತು ಜಾಸ್ತಿಯಾದರೆ ಅವಳಿಗೆ ಉಸಿರಿನ ಲೆಕ್ಕ ತಪ್ಪುತ್ತದೆ ಎಂದು ತನಗೆ ಗೊತ್ತಿದ್ದುದನ್ನೆಲ್ಲ ದೀಪಿಕಳಿಗೆ ಹೇಳಿದ. ಆರನೆಯ ದಿನ ಮಂಡ್ಯದ ಕ್ರೀಡಾಂಗಣದಲ್ಲಿ ಇಬ್ಬರ ಹೆಜ್ಜೆ ಒಂದಾಯಿತು. ಗಗನ ನಗುತ್ತಾ ಅವನ ಕಡೆಗೆ ಮುಖ ಮಾಡಿ, ಟೈಮು ಎಷ್ಟಣ್ಣ ಎಂದು ಕೇಳಿದಳು.

ಶಿವು ಹೇಳಿದ. ಅವನ ಜೊತೆ ಓಡಿದಾಗ ಯಾವತ್ತೂ ಅಷ್ಟು ಕಡಿಮೆ ಬಂದಿರಲಿಲ್ಲ. ಟೈಮು ಹಿಡಿದಿದ್ದ ಸ್ಟಾಪ್‌ವಾಚನ್ನು ದೀಪಿಕಳ ಕೈಗೆ ಕೊಟ್ಟು, ಮಳವಳ್ಳಿ ಬಸ್ಸಿಗೆ ಹೊತ್ತಾಯಿತೆಂದು ಹೊರಟ.